ಗೆದ್ದಲು ಅಲ್ಲ, ಮಣ್ಣಿನ ಗುರುತೂ ಇಲ್ಲ. ಆದರೂ ಪೈನ್ ಹಲಗೆ ಕಂದು ಚೂರಾಗಿ ಉದುರುತ್ತಿದೆ, ಏನಿದು?

ಆಗುಂಬೆ_ದಾರಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಮೂರು ವರ್ಷದ ಹಿಂದೆ ಅಡುಗೆಮನೆಗೆ ಒಂದು ಗೋಡೆ ಕಪಾಟು ಮಾಡಿಸಿದೆವು. ಸಾಗುವಾನಿಗೆ ದುಡ್ಡು ಸಾಲಲಿಲ್ಲ, ಹಾಗಾಗಿ ಪೈನ್ ಮರ. ಅಂಗಡಿಯವರು 'ಟ್ರೀಟೆಡ್ ಮರ, ಏನೂ ಆಗಲ್ಲ' ಅಂದಿದ್ದರು.

ಮೊನ್ನೆ ಅಮ್ಮ ಕೆಳಗಿನ ಹಲಗೆ ಮೇಲೆ ಅಕ್ಕಿ ಡಬ್ಬಿ ಇಟ್ಟರು. ಹಲಗೆ ಮುರಿದು ಬಿತ್ತು. ಲಟಕ್ ಅನ್ನುವ ಸದ್ದೂ ಬರಲಿಲ್ಲ, ರಸ್ಕ್ ಮುರಿದ ಹಾಗೆ ಮುರಿಯಿತು. ಒಳಗೆಲ್ಲ ಕಡು ಕಂದು. ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು ಸಣ್ಣ ಸಣ್ಣ ಚೌಕ ಆಗಿದೆ, ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳ ಇರುತ್ತಲ್ಲ, ಹಾಗೆ. ಒಂದು ಚೌಕ ತೆಗೆದು ಬೆರಳಲ್ಲಿ ತಿಕ್ಕಿದೆ. ನಶ್ಯದ ಹಾಗೆ ಪುಡಿ ಆಯ್ತು. ಮೇಲಿನ ಬಣ್ಣ ಮಾತ್ರ ಹೊಸದರ ಹಾಗೇ ಇದೆ.

ಗೆದ್ದಲು ಅಂತ ಮೊದಲು ಅನಿಸಿತು. ಆದರೆ ಮಣ್ಣಿಲ್ಲ, ಸುರಂಗ ಇಲ್ಲ, ಹುಳ ಇಲ್ಲ. ಮುಟ್ಟಿದರೆ ಪೂರ್ತಿ ಒಣಗಿದೆ. ಸುಟ್ಟ ಹಾಗೆ ಕಾಣುತ್ತೆ, ಬೆಂಕಿ ಮಾತ್ರ ತಾಕಿಲ್ಲ. ಪಕ್ಕದ ಹಲಗೆಗಳಿಗೂ ಹಬ್ಬುತ್ತಾ ಅನ್ನೋ ಭಯ. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.

ಉಳಿ_ಬಾಚಿ
ನಾನು ಮರಗೆಲಸದವನು, ಇಪ್ಪತ್ತಾರು ವರ್ಷದಿಂದ. ಇದು ಗೆದ್ದಲು ಖಂಡಿತ ಅಲ್ಲ. ನಮ್ಮ ಕಡೆ ಇದಕ್ಕೆ ಕುಂಬು ಹಿಡಿಯೋದು ಅಂತಾರೆ. ಕೆಲವರು ಲಡ್ಡು ಅಂತಾರೆ. ಫಂಗಸ್ ಕೆಲಸ.

ಉಳಿದ ಹಲಗೆಗಳನ್ನು ನೋಡಲು ಒಂದು ದಾರಿ ಹೇಳ್ತೀನಿ. ಒಂದು ದಬ್ಬಣ ತಗೊಳ್ಳಿ. ಹಲಗೆಗೆ ಓರೆಯಾಗಿ ಸ್ವಲ್ಪ ಚುಚ್ಚಿ, ಮೇಲಕ್ಕೆ ಮೀಟಿ. ಗಟ್ಟಿ ಮರವಾದರೆ ಉದ್ದ ಸಿಬಿರು ಏಳುತ್ತೆ, ಚರ್ ಅಂತ ಸದ್ದು ಬರುತ್ತೆ. ಕುಂಬು ಮರದಲ್ಲಿ ಸಿಬಿರು ಏಳಲ್ಲ. ದಬ್ಬಣದ ಮೇಲೇ ಅಡ್ಡಕ್ಕೆ ಗಿಡ್ಡವಾಗಿ ಮುರಿಯುತ್ತೆ, ಸದ್ದೂ ಮಂದ. ಬಣ್ಣದ ಮೇಲೆ ಏನೂ ಕಾಣದ ಜಾಗದಲ್ಲೂ ಇದು ಗೊತ್ತಾಗುತ್ತೆ. ಹಲಗೆಯ ತುದಿ, ಮೂಲೆ, ಗೋಡೆಗೆ ತಾಗುವ ಜಾಗ, ಇಷ್ಟನ್ನು ಬಿಡದೆ ನೋಡಿ.

ಬೈಕ್_ಮೆಕ್ಯಾನಿಕ್_ಶಿವಮೊಗ್ಗ
ಸುಟ್ಟ ಆಯಿಲ್ ಬಳಿಯಿರಿ. ನಮ್ಮ ಕೊಟ್ಟಿಗೆ ಕಂಬಗಳಿಗೆ ವರ್ಷಾ ವರ್ಷಾ ಬಳೀತೀವಿ. ಏನೂ ಆಗಿಲ್ಲ.

ಅಣಬೆ_ಜಾಡು
ಆಯಿಲ್ ಬೇಡ ಅಂತ ಕೈ ಮುಗಿದು ಕೇಳ್ತೀನಿ, ಅದೂ ಅಕ್ಕಿ ಇಡುವ ಕಪಾಟಿಗೆ. ಅದು ಮರದ ಮೇಲ್ಮೈ ಬಿಟ್ಟು ಒಳಗೆ ಇಳಿಯುವುದಿಲ್ಲ. ಫಂಗಸ್ ಇರುವುದು ಒಳಗೆ.

ನಾನು ಮರ ಕೊಳೆಸುವ ಶಿಲೀಂಧ್ರಗಳನ್ನೇ ಓದುತ್ತಿರುವವಳು. ಆಗುಂಬೆಯವರು ಬರೆದದ್ದು ಓದಿ ಎದ್ದು ಕೂತೆ. ಚೌಕ ಬಿರುಕು, ಕಡು ಕಂದು, ನಶ್ಯದಂಥ ಪುಡಿ. ಇದು ಕಂದು ಕೊಳೆಯ ಪಾಠದ ಮೊದಲ ಪುಟದಂತಿದೆ. ಅಲ್ಲಿ ಅಣಬೆ ಮೂಡಿದ್ದರೆ ಯಾವ ಜಾತಿ ಅಂತಲೂ ನೋಡಬಹುದಿತ್ತು. ಈಗ ಕೊಳೆಯ ಬಗೆ ಮಾತ್ರ ಹೇಳಬಲ್ಲೆ.

ಸ್ವಲ್ಪ ವಿವರವಾಗಿ ಬರೀತೀನಿ. ಯಾಕೆಂದರೆ ಇದು ಹೇಗೆ ತಿನ್ನುತ್ತೆ ಅಂತ ಗೊತ್ತಾದರೆ ಏನು ಮಾಡಬೇಕು ಅನ್ನೋದೂ ಗೊತ್ತಾಗುತ್ತೆ.

ಮರದಲ್ಲಿ ಮುಖ್ಯವಾಗಿ ಮೂರು ವಸ್ತು. ಸೆಲ್ಯುಲೋಸ್ ಉದ್ದನೆಯ ನಾರು, ಸಾವಿರಾರು ಗ್ಲೂಕೋಸ್ ಕೊಂಡಿಗಳ ಸರಪಳಿ. ಹೆಮಿಸೆಲ್ಯುಲೋಸ್ ಅದನ್ನು ಸುತ್ತಿಕೊಂಡಿರುತ್ತೆ. ಇವೆರಡರ ಸಂದಿಯಲ್ಲೆಲ್ಲ ಲಿಗ್ನಿನ್ ತುಂಬಿಕೊಂಡು ಗಟ್ಟಿ ಮಾಡುತ್ತೆ. ಸರಳು ಕಟ್ಟಿ ಕಾಂಕ್ರೀಟ್ ಹಾಕಿದ ಹಾಗೆ. ಸಕ್ಕರೆ ಇರುವುದು ಸರಳಿನಲ್ಲಿ. ಕಾಂಕ್ರೀಟ್ ಒಡೆಯುವುದು ಬಹಳ ಕಷ್ಟ, ಒಡೆದರೂ ಹೊಟ್ಟೆ ತುಂಬಲ್ಲ.

ಬಿಳಿ ಕೊಳೆಯ ಶಿಲೀಂಧ್ರಗಳು ಕಾಂಕ್ರೀಟನ್ನೂ ಕರಗಿಸುತ್ತವೆ. ಕೊನೆಗೆ ಉಳಿಯುವುದು ಬೆಳ್ಳಗಿನ, ಮೆತ್ತಗಿನ ನಾರು. ನಮ್ಮ ಘಟ್ಟದ ಕಾಡಿನಲ್ಲಿ ಬಿದ್ದ ಮರಗಳಲ್ಲಿ ಜಾಸ್ತಿ ಕಾಣುವುದು ಇದೇ. ಕಂದು ಕೊಳೆಯವು ಕಾಂಕ್ರೀಟನ್ನು ಹೆಚ್ಚು ಕಡಿಮೆ ಹಾಗೇ ಬಿಟ್ಟು ಒಳಗಿನ ಸರಳನ್ನು ಮಾತ್ರ ಎಳೆದುಕೊಳ್ಳುತ್ತವೆ. ನಿಮ್ಮ ಬೆರಳಿಗೆ ಅಂಟಿದ ಕಂದು ಪುಡಿ ಬಹುಪಾಲು ಲಿಗ್ನಿನ್ನೇ. ಸ್ವಲ್ಪ ಬದಲಾಗಿದೆ, ಆದರೆ ತಿಂದಿಲ್ಲ. ಸರಳು ಹೋದ ಮೇಲೆ ಮರ ಒಣಗಿದಾಗ ವಿಪರೀತ ಕುಗ್ಗುತ್ತೆ. ಆಗಲೇ ಆ ಚೌಕ ಬಿರುಕು. ಅಂದರೆ ನೀವು ಈಗ ಮುಟ್ಟಿದಾಗ ಒಣಗಿದೆ, ಆದರೆ ತಿನ್ನುವಾಗ ಚೆನ್ನಾಗಿ ಒದ್ದೆ ಇತ್ತು.

ಮರ ಕೊಳೆಸುವ ಅಣಬೆ ಜಾತಿಗಳಲ್ಲಿ ಕಂದು ಕೊಳೆಯವು ನೂರಕ್ಕೆ ಹತ್ತೂ ಇಲ್ಲ. ಹೆಚ್ಚಿನವಕ್ಕೆ ಪೈನ್, ದೇವದಾರು, ಸ್ಪ್ರೂಸ್ ಥರದ ಸೂಚಿಪರ್ಣಿ ಮರಗಳೇ ಇಷ್ಟ. ಇಷ್ಟು ಸಣ್ಣ ಗುಂಪು ಮನೆ ಮರಕ್ಕೆ ಮಾಡುವ ಹಾನಿ ಮಾತ್ರ ದೊಡ್ಡದು.

ಆಗುಂಬೆ_ದಾರಿ
ತುಂಬಾ ಥ್ಯಾಂಕ್ಸ್. ದಬ್ಬಣದಲ್ಲಿ ನೋಡಿದೆ. ಕೆಳಗಿನ ಎರಡು ಹಲಗೆ ಗಿಡ್ಡ ಮುರಿಯಿತು. ಮೂರನೆಯದರಲ್ಲಿ ಗೋಡೆ ಕಡೆ ಒಂದು ಗೇಣು ಮಾತ್ರ. ಮೇಲಿನವು ಗಟ್ಟಿ. ಆ ಮೂರನೆಯ ಹಲಗೆ ಕಣ್ಣಿಗೆ ಪೂರ್ತಿ ಚೆನ್ನಾಗಿತ್ತು, ಅದನ್ನು ನೋಡಿ ಗಾಬರಿ ಆಯ್ತು. ಬಣ್ಣ ಕೂಡ ಬದಲಾಗಿಲ್ಲ, ಬಲ ಹೋಗಿದೆ. ಅದು ಹೇಗೆ?

ಅಣಬೆ_ಜಾಡು
ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಸಂಶೋಧಕರು ಬೆನ್ನು ಹತ್ತಿರುವುದು ಇದೇ ಪ್ರಶ್ನೆಯನ್ನು.

1961ರಲ್ಲಿ ಅಮೆರಿಕದ ಎಲಿಸ್ ಕೌಲಿಂಗ್ ಒಂದೇ ಜಾತಿಯ ಮರಕ್ಕೆ ಎರಡು ಬಗೆಯ ಶಿಲೀಂಧ್ರ ಹಾಕಿ ಹೋಲಿಸಿದರು. ಬಿಳಿ ಕೊಳೆಯಲ್ಲಿ ಮರ ತೂಕ ಕಳೆದುಕೊಂಡ ಹಾಗೆ ಸರಪಳಿಯೂ ನಿಧಾನಕ್ಕೆ ಹೋಗುತ್ತಿತ್ತು. ಕಂದು ಕೊಳೆಯಲ್ಲಿ ಹಾಗಲ್ಲ. ತೂಕ ಇನ್ನೂ ಸರಿಯಾಗಿ ಇಳಿದೇ ಇಲ್ಲ, ಅಷ್ಟರಲ್ಲಿ ಸೆಲ್ಯುಲೋಸ್ ಸರಪಳಿಗಳು ತುಂಡು ತುಂಡು. ಅಂದರೆ ಫಂಗಸ್ ಮೊದಲು ಎಲ್ಲವನ್ನೂ ಕತ್ತರಿಸಿ ಹಾಕುತ್ತೆ, ಊಟ ಆಮೇಲೆ.

ಹಾಗಾಗಿಯೇ ನಿಮ್ಮ ಮೂರನೆಯ ಹಲಗೆ ಆ ಸ್ಥಿತಿಯಲ್ಲಿರುವುದು. ತೂಕ ನೂರಕ್ಕೆ ಒಂದೆರಡು ಪಾಲು ಇಳಿಯುವಷ್ಟರಲ್ಲೇ ಪೆಟ್ಟು ತಡೆಯುವ ಶಕ್ತಿ ಅರ್ಧಕ್ಕೆ ಬಂದಿರಬಹುದು. ಶೇ 10 ಇಳಿಯುವ ಹೊತ್ತಿಗೆ ಬಲದ ಬಹುಪಾಲು ಹೋಗಿರುತ್ತೆ. ಕಣ್ಣಿಗೆ ಕಾಣುವುದು ಕೊನೆಗೆ.

ಈಗ ಕತ್ತರಿಸುವುದು ಯಾರು ಅನ್ನುವ ಪ್ರಶ್ನೆ. ಕಿಣ್ವ ಅಂತ ಹೇಳಿಬಿಡಬಹುದು. ಆದರೆ ಕಿಣ್ವಗಳು ದಪ್ಪ. ಗಟ್ಟಿ ಮರದ ಜೀವಕೋಶದ ಗೋಡೆಯಲ್ಲಿರುವ ರಂಧ್ರಗಳು ಅವಕ್ಕಿಂತ ಸಣ್ಣವು. ಒಳಗೆ ಹೋಗಲಿಕ್ಕೇ ಆಗಲ್ಲ. ಹಾಗಿದ್ದೂ ಗೋಡೆಯ ಒಳಗಿನ ಸರಪಳಿ ಮುರಿದಿರುತ್ತೆ. ಅಂದಮೇಲೆ ಕಿಣ್ವಕ್ಕಿಂತ ಬಹಳ ಸಣ್ಣದು ಏನೋ ಒಳಗೆ ಹೋಗಿರಬೇಕು, ಅಲ್ವಾ?

ಕೆಮಿಸ್ಟ್ರಿ_ಮೇಷ್ಟ್ರು
ಫೆಂಟನ್!

ಕ್ಷಮಿಸಿ, ತಡೆಯಲಾಗಲಿಲ್ಲ. ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡ್ತೀನಿ. ಹೆನ್ರಿ ಫೆಂಟನ್ 1894ರಲ್ಲಿ ಒಂದು ಲೇಖನ ಪ್ರಕಟಿಸಿದರು. ಟಾರ್ಟಾರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಚೂರೇ ಚೂರು ಕಬ್ಬಿಣದ ಲವಣ ಸೇರಿಸಿದರೆ ಆಮ್ಲ ಉತ್ಕರ್ಷಣೆಗೊಂಡು ಬದಲಾಗುತ್ತೆ ಅಂತ. ಟಾರ್ಟಾರಿಕ್ ಆಮ್ಲ ಅಂದರೆ ನಮ್ಮ ಹುಣಸೆಹಣ್ಣಿನ ಹುಳಿ. ಕಬ್ಬಿಣ ಒಂದು ಇಲೆಕ್ಟ್ರಾನ್ ಕೊಡುತ್ತೆ, ಪೆರಾಕ್ಸೈಡ್ ಎರಡು ಹೋಳಾಗುತ್ತೆ. ಅದರಲ್ಲಿ ಒಂದು ಹೋಳು ಹೈಡ್ರಾಕ್ಸಿಲ್ ರ‍್ಯಾಡಿಕಲ್. ಅದರಷ್ಟು ಉಗ್ರವಾಗಿ ಸಿಕ್ಕಿದ್ದನ್ನು ಕೀಳುವಂಥದ್ದು ಜೀವಿಗಳ ಒಳಗೆ ಬೇರೆ ಇಲ್ಲ ಎನ್ನಬಹುದು. ಗಾತ್ರದಲ್ಲಿ ನೀರಿನ ಅಣುವಿಗಿಂತ ದೊಡ್ಡದಲ್ಲ. ಇದನ್ನೇ ಫಂಗಸ್ ಬಳಸುತ್ತಾ?

ಅಣಬೆ_ಜಾಡು
ಅದೇ ಮೇಷ್ಟ್ರೇ! 1974ರಲ್ಲಿ ಕೊನಿಗ್ಸ್ ಅನ್ನುವವರು ಮರದ ಕಂದು ಕೊಳೆಗೆ ಪೆರಾಕ್ಸೈಡ್ ಮತ್ತು ಕಬ್ಬಿಣವೇ ಕಾರಣ ಇರಬೇಕು ಅಂತ ಬರೆದರು. ಆದರೆ ಒಂದು ತೊಡಕು ಇತ್ತು. ನಿಮಗೆ ಹೊಳೆದೇ ಇರುತ್ತೆ.

ಕೆಮಿಸ್ಟ್ರಿ_ಮೇಷ್ಟ್ರು
ಆ ರ‍್ಯಾಡಿಕಲ್ ಫಂಗಸ್ಸನ್ನೂ ಬಿಡಲ್ಲ. ಹುಟ್ಟಿದ ಜಾಗದಿಂದ ಕೆಲವು ನ್ಯಾನೋಮೀಟರ್ ಹೋಗುವಷ್ಟರಲ್ಲಿ ಪಕ್ಕದಲ್ಲಿ ಏನಿದೆಯೋ ಅದಕ್ಕೆ ಬಡಿದು ಮುಗಿಯುತ್ತೆ. ಫಂಗಸ್ಸಿನ ಎಳೆಯ ಹತ್ತಿರವೇ ಹುಟ್ಟಿದರೆ ಅದರ ಗೋಡೆಯೇ ಹರಿಯುತ್ತೆ. ದೂರದಲ್ಲಿ, ಮರದ ಗೋಡೆಯ ಒಳಗೇ ಹುಟ್ಟಬೇಕು. ಅದನ್ನು ಹೇಗೆ ಸಾಧಿಸುತ್ತೆ?

ಅಣಬೆ_ಜಾಡು
ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ನಿಧಾನಕ್ಕೆ ಬರೀತೀನಿ.

ಫಂಗಸ್ಸಿನ ಎಳೆ ಮರದ ಜೀವಕೋಶದ ಖಾಲಿ ನಡುವಿನಲ್ಲಿ, ಒಂದು ಪೈಪಿನೊಳಗೆ ಹಬ್ಬಿದ ಬಳ್ಳಿಯಂತೆ ಇರುತ್ತೆ. ಅದು ಸುತ್ತ ಆಕ್ಸಾಲಿಕ್ ಆಮ್ಲ ಬಿಡುತ್ತೆ. ಎಳೆಯ ಪಕ್ಕದಲ್ಲಿ ಹುಳಿ ಜಾಸ್ತಿ. ಅಲ್ಲಿ ಆಕ್ಸಾಲೇಟ್ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತೆ. ಕಬ್ಬಿಣ ಸುಮ್ನೆ ಇರುತ್ತೆ, ಕಿಡಿ ಹಾರಲ್ಲ. ಹೀಗೆ ಹಿಡಿದ ಕಬ್ಬಿಣ ಮೆಲ್ಲಗೆ ಮರದ ಗೋಡೆಯೊಳಗೆ ಇಳಿಯುತ್ತೆ. ಒಳಗೆ ಹೋದ ಹಾಗೆ ಹುಳಿ ಕಡಿಮೆ, ಹಿಡಿತವೂ ಸಡಿಲ. ಅಲ್ಲಿ ಫಂಗಸ್ಸೇ ಕಳಿಸಿದ ಇನ್ನೊಂದು ಸಣ್ಣ ಅಣು, ಹೈಡ್ರೋಕ್ವಿನೋನ್ ಜಾತಿಯದು, ಕಬ್ಬಿಣಕ್ಕೆ ಇಲೆಕ್ಟ್ರಾನ್ ಕೊಟ್ಟು ಎಚ್ಚರಿಸುತ್ತೆ. ಪೆರಾಕ್ಸೈಡ್ ಅಲ್ಲಿಗೇ ಬರುತ್ತೆ. ಕಿಡಿ ಹಾರುವುದು ಅಲ್ಲಿ. ಎಳೆಗೆ ಏನೂ ತಾಗಲ್ಲ.

ಕಿಣ್ವದ ಬದಲು ಇಂಥ ಸಣ್ಣ ಅಣುಗಳು ಕಬ್ಬಿಣ ಹಿಡಿದು ಕೆಲಸ ಮಾಡುತ್ತವೆ ಅನ್ನುವ ಈ ಚಿತ್ರವನ್ನು 1997ರಲ್ಲಿ ಬ್ಯಾರಿ ಗುಡೆಲ್ ಮತ್ತು ಸಂಗಡಿಗರು ಗ್ಲಿಯೋಫಿಲಮ್ ಟ್ರೇಬಿಯಮ್ ಅನ್ನುವ ಶಿಲೀಂಧ್ರದ ಕೆಲಸದಿಂದ ಕಟ್ಟಿದರು. ಅದೇ ಶಿಲೀಂಧ್ರದಲ್ಲಿ ಆ ಹೈಡ್ರೋಕ್ವಿನೋನ್ ಯಾವುದು ಅಂತ 1999ರಲ್ಲಿ ಕೆನೆತ್ ಹ್ಯಾಮೆಲ್ ಗುಂಪು ತೋರಿಸಿತು. ಗ್ಲಿಯೋಫಿಲಮ್ ಕುಲದವು ಭಾರತದಲ್ಲೂ ಇವೆ. ಬೇಲಿ ಕಂಬ, ಕಿಟಕಿ ಚೌಕಟ್ಟಿನ ಮೇಲೆ ಕಂದು ಬಣ್ಣದ ಸಣ್ಣ ಬ್ರಾಕೆಟ್ ಥರ ಬರುತ್ತವೆ.

ಉಳಿ_ಬಾಚಿ
ಅಕ್ಕಾ, ಒಂದು ಅನುಮಾನ. ಮರದಲ್ಲಿ ಕಬ್ಬಿಣ ಎಲ್ಲಿಂದ ಬಂತು? ಮೊಳೆಯಿಂದಲಾ? ಮೊಳೆ ಹೊಡೆದ ಸುತ್ತ ಮರ ಬೇಗ ಹಾಳಾಗೋದು ನಾನು ಬಹಳ ಕಡೆ ನೋಡಿದ್ದೀನಿ.

ಅಣಬೆ_ಜಾಡು
ಮರದಲ್ಲೇ ತೀರಾ ಸ್ವಲ್ಪ ಕಬ್ಬಿಣ ಇರುತ್ತೆ. ಒಂದೇ ಕಬ್ಬಿಣದ ಕಣ ಮತ್ತೆ ಮತ್ತೆ ಇಲೆಕ್ಟ್ರಾನ್ ಪಡೆದು ಮತ್ತೆ ಮತ್ತೆ ಕೆಲಸ ಮಾಡುವುದರಿಂದ ಅಷ್ಟು ಸಾಕು. ಮಣ್ಣು, ಇಟ್ಟಿಗೆಯಿಂದಲೂ ಕೆಲವು ಜಾತಿಗಳು ಎಳೆದುಕೊಳ್ಳುತ್ತವೆ. ಮೊಳೆಯ ವಿಷಯದಲ್ಲಿ ನೀವು ನೋಡಿದ್ದು ನಿಜ. ಅದಕ್ಕೆ ತುಕ್ಕೂ ಒಂದು ಕಾರಣ, ಮೊಳೆ ತೂತಿನಿಂದ ನೀರು ಒಳಗಿಳಿಯುವುದೂ ಒಂದು ಕಾರಣ. ಎರಡೂ ಸೇರಿರುತ್ತವೆ.

ಇನ್ನೂ ಒಂದು ಪ್ರಶ್ನೆ ಬಹಳ ವರ್ಷ ಹಾಗೇ ಇತ್ತು. ಇಷ್ಟು ಉಗ್ರ ರ‍್ಯಾಡಿಕಲ್‌ಗಳು ಓಡಾಡುವ ಜಾಗದಲ್ಲಿ ಫಂಗಸ್ಸಿನ ಸ್ವಂತ ಕಿಣ್ವಗಳು ಹೇಗೆ ಉಳಿಯುತ್ತವೆ? 2016ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಜೊನಾಥನ್ ಶಿಲ್ಲಿಂಗ್ ಗುಂಪು ಒಂದು ಸರಳ ಉಪಾಯ ಮಾಡಿತು. ತೆಳ್ಳಗಿನ ಮರದ ಬಿಲ್ಲೆಯ ಒಂದು ತುದಿಗೆ ಪೋಸ್ಟಿಯಾ ಪ್ಲಾಸೆಂಟಾ ಅನ್ನುವ ಫಂಗಸ್ ತಾಗಿಸಿದರು. ಅದು ಒಂದೇ ದಿಕ್ಕಿನಲ್ಲಿ ಹಬ್ಬಿತು. ಆಮೇಲೆ ಬಿಲ್ಲೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಎಲ್ಲೆಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಅಂತ ನೋಡಿದರು. ಮುಂಚೂಣಿಯ ಕೆಲವೇ ಮಿಲಿಮೀಟರ್‌ನಲ್ಲಿ ರ‍್ಯಾಡಿಕಲ್ ಹುಟ್ಟಿಸುವ ಕೆಲಸ ಜೋರು. ಅದರ ಹಿಂದೆ, ಹಳೆಯ ಎಳೆಗಳ ಕಡೆ, ಅದು ತಗ್ಗಿ ಸಕ್ಕರೆ ಬಿಡಿಸುವ ಕಿಣ್ವಗಳ ಕೆಲಸ ಏರಿತ್ತು. ಮುಂದಿನವರು ಗೋಡೆ ಕೆಡವುತ್ತಾರೆ, ಹಿಂದಿನವರು ಬುಟ್ಟಿ ತಂದು ತುಂಬಿಕೊಳ್ಳುತ್ತಾರೆ. ಸಮಯ ಬೇರೆ, ಜಾಗ ಬೇರೆ.

ಆಗುಂಬೆಯವರ ಮೂರನೆಯ ಹಲಗೆಯ ಆ ಒಂದು ಗೇಣು ಇದೆಯಲ್ಲ, ಮುಂಚೂಣಿ ಅಲ್ಲಿಗೆ ತಲುಪಿದೆ. ಮರ ಬದಲಾಯಿಸುವಾಗ ಕೆಟ್ಟ ಭಾಗವನ್ನಷ್ಟೇ ಕತ್ತರಿಸಬೇಡಿ. ಅದರಾಚೆ ಗಟ್ಟಿಯಾಗಿ ಕಾಣುವ ಒಂದೆರಡು ಅಡಿಯನ್ನೂ ಸೇರಿಸಿ ತೆಗೆಯಿರಿ.

ಎಡಿನ್‌ಬರೋ_ಕನ್ನಡತಿ
ಈ ಚರ್ಚೆ ಓದುತ್ತಾ ನನ್ನ ಮನೆಯ ಕಥೆ ನೆನಪಾಯ್ತು. ನಾವಿರುವುದು ಸ್ಕಾಟ್ಲೆಂಡಿನ ಹಳೇ ಕಲ್ಲಿನ ಕಟ್ಟಡದಲ್ಲಿ. ನೆಲದ ಹಲಗೆ ಕೆಳಗೆ ಹತ್ತಿಯಂಥ ಬಿಳಿ ಹಾಸು, ಅದರ ಮೇಲೆ ಅಲ್ಲಲ್ಲಿ ನೀರಿನ ಹನಿ. ಕಪಾಟಿನ ಮೇಲೆ ಇಟ್ಟಿಗೆ ಪುಡಿಯಂಥ ಕೆಂಪು ಧೂಳು. ಎಷ್ಟು ಒರೆಸಿದರೂ ಮಾರನೇ ದಿನ ಮತ್ತೆ. ಅದು ಧೂಳಲ್ಲ, ಫಂಗಸ್ಸಿನ ಬೀಜಕಣ ಅಂತ ಆಮೇಲೆ ಗೊತ್ತಾಯ್ತು. ಇಲ್ಲಿ ಇದಕ್ಕೆ ಡ್ರೈ ರಾಟ್ ಅಂತಾರೆ. ಸರ್ಪುಲಾ ಲ್ಯಾಕ್ರಿಮಾನ್ಸ್. ಲ್ಯಾಕ್ರಿಮಾನ್ಸ್ ಅಂದರೆ ಲ್ಯಾಟಿನ್‌ನಲ್ಲಿ ಕಣ್ಣೀರು ಸುರಿಸುವುದು. ಆ ನೀರ ಹನಿಗಳಿಂದ ಬಂದ ಹೆಸರು.

ನನಗೆ ನಿಜಕ್ಕೂ ಅಳು ಬಂದಿದ್ದು ಬೇರೆ ಕಾರಣಕ್ಕೆ. ಫಂಗಸ್ ಒಂದು ಕೋಣೆಯಿಂದ ಇನ್ನೊಂದಕ್ಕೆ ಗೋಡೆ ದಾಟಿ ಹೋಗಿತ್ತು. ಕಲ್ಲಿನ ಗೋಡೆ, ನಡುವೆ ಸುಣ್ಣದ ಗಾರೆ. ತಿನ್ನಲು ಅಲ್ಲಿ ಏನೂ ಇಲ್ಲ. ಬೂದು ಹಗ್ಗದಂಥ ಎಳೆಗಳು ಗಾರೆಯ ಸಂದಿಯಲ್ಲಿ ನುಸುಳಿ ಆಚೆ ಬದಿಯ ಮರ ಹುಡುಕಿದ್ದವು. ಗಾರೆ ಕೆದಕಿದಾಗ ನಾನೇ ಕೈಯಲ್ಲಿ ಎಳೆದು ನೋಡಿದೆ. ಒಣಗಿದ ಬೇರಿನ ಹಾಗೆ ಪಟಕ್ಕನೆ ಮುರಿಯಿತು.

ಅಣಬೆ_ಜಾಡು
ಸರ್ಪುಲಾ ಕೂಡ ಕಂದು ಕೊಳೆಯದೇ. ಆ ಹಗ್ಗಗಳು ನೀರು, ಆಹಾರ ಎರಡನ್ನೂ ಸಾಗಿಸುತ್ತವೆ. ಸುಣ್ಣದ ಗಾರೆ ಅದಕ್ಕೆ ಬರೀ ದಾರಿ ಅಷ್ಟೇ ಅಲ್ಲ. ಮೇಲೆ ಹೇಳಿದ ಆಕ್ಸಾಲಿಕ್ ಆಮ್ಲ ಜಾಸ್ತಿ ಆದರೆ ಫಂಗಸ್ಸಿಗೇ ತೊಂದರೆ. ಗಾರೆಯ ಕ್ಯಾಲ್ಸಿಯಂ ಅದನ್ನು ಕ್ಯಾಲ್ಸಿಯಂ ಆಕ್ಸಾಲೇಟ್ ಹರಳಾಗಿ ಕಟ್ಟಿಹಾಕುತ್ತೆ. ಕೆಸುವಿನ ಎಲೆ ಹಸಿಯಾಗಿ ತಿಂದರೆ ಗಂಟಲು ಕೆರೆಯುತ್ತಲ್ಲ, ಆ ಸೂಜಿಗಳೂ ಇದೇ ವಸ್ತು. ಹಳೆಯ ಸುಣ್ಣದ ಕಟ್ಟಡ ಈ ಫಂಗಸ್ಸಿಗೆ ಅಷ್ಟು ಹಿಡಿಸುವುದಕ್ಕೆ ಇದೊಂದು ಕಾರಣ.

ಸರ್ಪುಲಾಕ್ಕೂ ಭಾರತಕ್ಕೂ ಒಂದು ನಂಟು ಇದೆ. ಯುರೋಪಿನ ಮನೆಗಳಲ್ಲಿ ಎಲ್ಲೆಲ್ಲೂ ಇದ್ದ ಇದು ಯುರೋಪಿನ ಕಾಡಿನಲ್ಲಿ ಕಾಣುವುದು ತೀರಾ ಅಪರೂಪವಾಗಿತ್ತು. ಹಾಗಾದರೆ ಬಂದದ್ದು ಎಲ್ಲಿಂದ? ಭಾರತದ ಶಿಲೀಂಧ್ರ ತಜ್ಞ ಬಾಗ್ಚಿ 1954ರಲ್ಲೇ ನಮ್ಮ ದೇಶದಲ್ಲಿ ಇದು ಇರುವುದನ್ನು ಬರೆದಿದ್ದರು. 1990ರ ದಶಕದ ಶುರುವಿನಲ್ಲಿ ಜಗಜಿತ್ ಸಿಂಗ್ ಮತ್ತು ಸಂಗಡಿಗರು ಹಿಮಾಚಲದ ನಾರ್ಕಂಡ ಕಡೆಯ ಕಾಡುಗಳಲ್ಲಿ ಹುಡುಕಿ, ಬಿದ್ದ ಸೂಚಿಪರ್ಣಿ ಮರಗಳಲ್ಲಿ ಕಾಡು ಸರ್ಪುಲಾ ಕಂಡರು. ಹಿಮಾಲಯವೇ ತವರು ಅಂತ ಆಗ ಮಾತಾಯಿತು. 2007ರ ವಂಶವಾಹಿ ಅಧ್ಯಯನ ಏಷ್ಯಾದ ಮುಖ್ಯ ಭೂಭಾಗದಲ್ಲಿ ಹುಟ್ಟಿ, ಕೆಲವೇ ಕೆಲವು ಮೂಲ ತಳಿಗಳಿಂದ ಜಗತ್ತಿಗೆಲ್ಲ ಹರಡಿತು ಅಂತ ತೋರಿಸಿತು.

ಆಗುಂಬೆಯವರು ಹೆದರಬೇಡಿ. ಸರ್ಪುಲಾಕ್ಕೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪು ಬೇಕು, 40 ಡಿಗ್ರಿ ತಡೆಯುವುದಿಲ್ಲ. ನಿಮ್ಮ ಮನೆಯದು ಬೇರೆ ಯಾವುದೋ ಜಾತಿ ಇರಬೇಕು.

ಅಡಿಕೆ_ಸೋಗೆ
ನಮ್ಮ ತೋಟದಲ್ಲಿ ಅಣಬೆ ರೋಗ ಬಂದು ಹದಿನೆಂಟು ಮರ ಹೋಯ್ತು. ಬುಡದಲ್ಲಿ ಕಂದು ಅಣಬೆ ಬರುತ್ತೆ. ಇದೂ ಕಂದು ಕೊಳೆಯೇನಾ? ಮತ್ತೆ, ಕೊಳೆರೋಗಕ್ಕೆ ಮೈಲುತುತ್ತು ಸುಣ್ಣ ಹೊಡೀತೀವಲ್ಲ, ಅದನ್ನೇ ಕಪಾಟಿಗೆ ಹೊಡೆದರೆ ಆಗಲ್ವಾ?

ಅಣಬೆ_ಜಾಡು
ಹದಿನೆಂಟು ಮರ ಅಂದರೆ ಸಣ್ಣ ನಷ್ಟ ಅಲ್ಲ. ಓದಿ ಬೇಜಾರಾಯ್ತು.

ಅಡಿಕೆಯ ಅಣಬೆ ರೋಗ ತರುವುದು ಗ್ಯಾನೊಡರ್ಮ. ಅಣಬೆ ಕಂದಾಗಿದ್ದರೂ ಅದು ಬಿಳಿ ಕೊಳೆ ಗುಂಪಿನದು. ಕೊಳೆಯ ಹೆಸರು ಅಣಬೆಯ ಬಣ್ಣದಿಂದ ಬರುವುದಲ್ಲ, ಉಳಿಯುವ ಮರದ ಬಣ್ಣದಿಂದ. ಇನ್ನು ಕಾಯಿ ಉದುರಿಸುವ ಕೊಳೆರೋಗ ಫೈಟಾಫ್ತೊರಾ. ಅದು ನಿಜವಾದ ಶಿಲೀಂಧ್ರವೇ ಅಲ್ಲ, ನೀರಿನ ಪಾಚಿಗಳ ದೂರದ ನೆಂಟ. ನೀವು ಹೊಡೆಯುವ ಮೈಲುತುತ್ತು ಸುಣ್ಣ, ಅಂದರೆ ಬೋರ್ಡೋ ದ್ರಾವಣ, ಅದಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ.

ಆದರೆ ಕಂದು ಕೊಳೆಯ ಕೆಲವು ಜಾತಿಗಳಿಗೆ ಮೈಲುತುತ್ತಿನಲ್ಲಿರುವ ತಾಮ್ರ ಸಾಲುವುದಿಲ್ಲ. ಮತ್ತೆ ಅದೇ ಆಕ್ಸಾಲಿಕ್ ಆಮ್ಲ. ತಾಮ್ರಕ್ಕೆ ಸೇರಿ ನೀರಲ್ಲಿ ಕರಗದ ತಾಮ್ರದ ಆಕ್ಸಾಲೇಟ್ ಆಗಿ ಕೂತುಬಿಡುತ್ತೆ. ವಿಷ ಇದ್ದಲ್ಲೇ ಇರುತ್ತೆ, ಆದರೆ ಫಂಗಸ್ಸಿಗೆ ತಟ್ಟುವುದಿಲ್ಲ. ಆದ್ದರಿಂದಲೇ ಮರ ಕಾಪಾಡುವ ತಾಮ್ರದ ಔಷಧಿಗಳ ಜೊತೆ ಇನ್ನೊಂದು ವಸ್ತು ಸೇರಿಸುತ್ತಾರೆ.

ಕಾರವಾರ_ಕಡಲು
ನಮ್ಮ ಅಜ್ಜ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಕೈಗೆ ತಾಗಿದರೆ ಚರ್ಮ ಸುಲಿದು ಹೋಗುತ್ತಿತ್ತು. ಮರ ಮಾತ್ರ ಬಹಳ ವರ್ಷ ಬಾಳಿತು.

ಹಾಗೇ ನೆನಪಾಗಿದ್ದು. ಬ್ರಿಟಿಷರ ಓಕ್ ಹಡಗುಗಳನ್ನು ಈ ಕೊಳೆ ಬಹಳ ಕಾಡಿತ್ತು. ಮುಂಬೈಯಲ್ಲಿ ಸಾಗುವಾನಿಯಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.

ಉಳಿ_ಬಾಚಿ
ಸಾಗುವಾನಿಯಲ್ಲೂ ಚೇಗು ಮಾತ್ರ ಅಣ್ಣಾ. ಸುತ್ತಲಿನ ಬಿಳಿ ಭಾಗ ಯಾವ ಮರದ್ದೂ ನಿಲ್ಲಲ್ಲ. ಹೋದ ವರ್ಷ ನೂರು ವರ್ಷದ ಹಲಸಿನ ಬಾಗಿಲು ಬಿಚ್ಚಿದೆ. ಚೇಗು ಕಬ್ಬಿಣದ ಹಾಗಿತ್ತು, ಉಳಿ ಜಾರುತ್ತಿತ್ತು. ಅಂಚಿನ ಎರಡು ಬೆರಳು ಬಿಳಿ ಪೂರ್ತಿ ಪುಡಿ. ಪೈನ್‌ನಲ್ಲಿ, ಅದೂ ಈಗ ಬರುವ ಎಳೇ ಮರದಲ್ಲಿ, ಚೇಗು ಅನ್ನೋದೇ ಕಡಿಮೆ.

ಆಗುಂಬೆಯವರೇ, ಆ ಹಲಗೆ ಮೇಲೆ ಏನಾದ್ರೂ ಮುದ್ರೆ ಇದೆಯಾ ನೋಡಿ. ಹಿಂಬದಿಯಲ್ಲಿ ಇರುತ್ತೆ.

ಆಗುಂಬೆ_ದಾರಿ
ಇದೆ! ಗೋಧಿ ತೆನೆಯಂಥ ಚಿತ್ರ, ಪಕ್ಕದಲ್ಲಿ ಎಚ್‌ಟಿ ಅಂತ ಎರಡಕ್ಷರ. ಇದೇನಾ ಟ್ರೀಟೆಡ್?

ಉಳಿ_ಬಾಚಿ
ಹೌದು. ಇದು ವಿದೇಶದಿಂದ ಸಾಮಾನು ಬಂದ ಪೆಟ್ಟಿಗೆಯ ಮರ. ಎಚ್‌ಟಿ ಅಂದರೆ ಹೀಟ್ ಟ್ರೀಟ್‌ಮೆಂಟ್. ಮರದ ತಿರುಳು 56 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಇರಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. ಒಂದು ದೇಶದ ಹುಳ ಇನ್ನೊಂದು ದೇಶಕ್ಕೆ ಹೋಗದಿರಲಿ ಅಂತ. ಅವತ್ತು ಒಳಗಿದ್ದ ಹುಳ ಸಾಯುತ್ತೆ, ಅಷ್ಟೇ. ಔಷಧಿ ಏನೂ ಹಾಕಿರಲ್ಲ. ಮರದ ಪೆಟ್ಟಿಗೆ ಒಡೆದು ಮಾಡಿದ ಕಪಾಟನ್ನು ಟ್ರೀಟೆಡ್ ಅಂತ ಮಾರೋದು ನೋಡಿದರೆ ಹೊಟ್ಟೆ ಉರಿಯುತ್ತೆ. ಜನ ನಂಬಿ ದುಡ್ಡು ಕೊಡ್ತಾರೆ.

ಆಗುಂಬೆ_ದಾರಿ
ಅಯ್ಯೋ. ಮೂರು ವರ್ಷ ಅದೇ ಮಾತು ನಂಬಿಕೊಂಡಿದ್ದೆವು.

ಈಗ ನಾನು ಮಾಡಬೇಕಾದ್ದೇನು? ಮಳೆಗಾಲದಲ್ಲಿ ಇಲ್ಲಿ ಗಾಳಿಯೇ ಒದ್ದೆ. ಬಟ್ಟೆ ವಾರ ಆದರೂ ಒಣಗಲ್ಲ. ಮರ ಒಣಗಿಸಿ ಇಡೋದು ಹೇಗೆ?

ಅಣಬೆ_ಜಾಡು
ಗಾಳಿಯ ತೇವಕ್ಕೆ ಬೂಸಲು ಬರುತ್ತೆ, ಚರ್ಮದ ಚಪ್ಪಲಿ ಹಸಿರಾಗುತ್ತೆ. ಆದರೆ ಕಂದು ಕೊಳೆ ಶುರುವಾಗಲು ಅಷ್ಟು ಸಾಲದು. ಮರದ ಒಣ ತೂಕದ ಶೇ 30ರ ಹತ್ತಿರ ನೀರು ಬೇಕು. ಶೇ 20ರ ಕೆಳಗೆ ಇದ್ದರೆ ಸುರಕ್ಷಿತ ಅಂತ ಎಣಿಸುತ್ತಾರೆ. ಬರೀ ಗಾಳಿಯಿಂದ ಮನೆಯೊಳಗಿನ ಮರ ಶೇ 30 ಮುಟ್ಟುವುದು ಕಷ್ಟ. ಅಂದರೆ ಎಲ್ಲೋ ನೀರೇ ಬರುತ್ತಿದೆ. ಕೆಳಗಿನ ಹಲಗೆಗಳು, ಗೋಡೆ ಬದಿ ಅಂದಿರಿ. ಗೋಡೆಯ ಆಚೆ ಏನಿದೆ?

ನನ್ನ ಮಾತು ಇಷ್ಟೇ. ಔಷಧಿ ಹುಡುಕುವ ಮೊದಲು ನೀರು ಹುಡುಕಿ. ಕಬ್ಬಿಣ, ಪೆರಾಕ್ಸೈಡ್, ಹೈಡ್ರೋಕ್ವಿನೋನ್ ಎಲ್ಲವೂ ಮರದ ಗೋಡೆಯೊಳಗೆ ಹೋಗುವುದು ನೀರಿನಲ್ಲಿ ತೇಲಿಯೇ. ನೀರಿಲ್ಲದಿದ್ದರೆ ಆ ಇಡೀ ಕಾರ್ಖಾನೆ ನಿಲ್ಲುತ್ತೆ. ಹೊಸ ಹಲಗೆಗೆ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಕುಡಿಸಬಹುದು, ಮನೆಯ ಒಳಗಿನ ಮರಕ್ಕೆ ಅದು ಒಳ್ಳೆಯದು. ಆದರೆ ನೀರು ಸೋರುತ್ತಲೇ ಇದ್ದರೆ ಬೋರಾನ್ ಕರಗಿ ತೊಳೆದು ಹೋಗುತ್ತೆ.

ಕೆಮಿಸ್ಟ್ರಿ_ಮೇಷ್ಟ್ರು
ಅವರು ಗೋಡೆ ನೋಡಿ ಬರುವಷ್ಟರಲ್ಲಿ ಒಂದು ಕೇಳಲಾ? ಲಿಗ್ನಿನ್ ಒಡೆಯುವ ಶಕ್ತಿ ಇಲ್ಲದ್ದಕ್ಕೆ ಇವು ಈ ದಾರಿ ಹಿಡಿದವಾ, ಅಥವಾ ಇದ್ದ ಶಕ್ತಿ ಬಿಟ್ಟವಾ?

ಅಣಬೆ_ಜಾಡು
ಇದ್ದದ್ದನ್ನು ಬಿಟ್ಟವು. 2009ರಲ್ಲಿ ಪೋಸ್ಟಿಯಾದ ಜೀನೋಮ್, ಅಂದರೆ ಅದರ ವಂಶವಾಹಿಗಳ ಪೂರ್ತಿ ಬರಹ, ಓದಿದಾಗ ಎಲ್ಲರಿಗೂ ಅಚ್ಚರಿ. ಬಿಳಿ ಕೊಳೆಯವು ಲಿಗ್ನಿನ್ ಒಡೆಯಲು ಬಳಸುವ ಪೆರಾಕ್ಸಿಡೇಸ್ ಜೀನ್‌ಗಳು ಇಲ್ಲ. ಸೆಲ್ಯುಲೋಸ್ ಸರಪಳಿಯನ್ನು ತುದಿಯಿಂದ ಬಿಡಿಸುವ ಹೆಸರಾಂತ ಕಿಣ್ವಗಳೂ ಇಲ್ಲ. 2011ರಲ್ಲಿ ಸರ್ಪುಲಾದ್ದು ಬಂತು. 2012ರಲ್ಲಿ 31 ಶಿಲೀಂಧ್ರಗಳ ಜೀನೋಮ್ ಪಕ್ಕ ಪಕ್ಕ ಇಟ್ಟು ನೋಡಿದರು. ಲಿಗ್ನಿನ್ ಒಡೆಯುವ ಪೂರ್ವಜ ಸುಮಾರು 29 ಕೋಟಿ ವರ್ಷದ ಹಿಂದೆ ಇತ್ತು, ಅದರ ಬೇರೆ ಬೇರೆ ಕವಲುಗಳು ಬೇರೆ ಬೇರೆ ಕಾಲದಲ್ಲಿ ಆ ಜೀನ್‌ಗಳನ್ನು ಕಳೆದುಕೊಂಡು ಕಂದು ಕೊಳೆಯಾದವು ಅಂತ ಲೆಕ್ಕ ಬಂತು. ಒಂದು ಸಲ ಅಲ್ಲ, ಹಲವು ಸಲ. ಕಿಣ್ವ ಮಾಡಲು ಖರ್ಚು ಜಾಸ್ತಿ. ಸಣ್ಣ ಅಣು ಅಗ್ಗ.

ಈ ಪೂರ್ವಜ ಬಂದದ್ದರಿಂದಲೇ ಭೂಮಿಯಲ್ಲಿ ಕಲ್ಲಿದ್ದಲು ಕಟ್ಟುವುದು ಕಡಿಮೆ ಆಯಿತು ಅಂತ ಆಗ ಬಹಳ ಸುದ್ದಿಯಾಗಿತ್ತು. 2016ರಲ್ಲಿ ಭೂವಿಜ್ಞಾನದ ಕಡೆಯವರು ಅದನ್ನು ಬಲವಾಗಿ ಅಲ್ಲಗಳೆದರು. ನನಗೂ ಅವರ ವಾದವೇ ಗಟ್ಟಿ ಅನಿಸುತ್ತೆ. ಆಗಿನ ಹವೆ, ಭೂಮಿಯ ಚಲನೆ ಕಲ್ಲಿದ್ದಲಿಗೆ ಹೆಚ್ಚು ಕಾರಣ.

ಆಗುಂಬೆ_ದಾರಿ
ಮೂರು ದಿನ ಬಿಟ್ಟು ಬರೀತಿದ್ದೀನಿ, ಕ್ಷಮಿಸಿ.

ಗೋಡೆಯ ಆಚೆ ಬಚ್ಚಲು. ನಲ್ಲಿಯ ಪೈಪು ಗೋಡೆಯೊಳಗೆ ಬಾಗುವ ಜಾಗದಲ್ಲಿ ಸೋರಿಕೆ. ಹನಿ ಕೂಡ ಅಲ್ಲ, ಬೆವರಿನ ಹಾಗೆ ಜಿನುಗುತ್ತಿತ್ತು. ಗಾರೆ ಕೆತ್ತಿದಾಗ ಒಳಗೆಲ್ಲ ಕಪ್ಪು ಒದ್ದೆ. ನೆಂಟರೊಬ್ಬರ ಹತ್ತಿರ ತೇವ ಅಳೆಯುವ ಮೀಟರ್ ಇತ್ತು. ಕೆಳಗಿನ ಹಲಗೆಯ ಗೋಡೆ ತುದಿಯಲ್ಲಿ 34, ಮುಂದಿನ ಅಂಚಿನಲ್ಲಿ 19, ಮೇಲಿನ ಹಲಗೆಯಲ್ಲಿ 16. ಮುಂದಿನ ಅಂಚು ಮುಟ್ಟಿಯೇ ನಾನು ಒಣಗಿದೆ ಅಂದಿದ್ದು.

ಪೈಪು ಬದಲಾಯಿಸಿದೆವು. ಮೂರು ಹಲಗೆ ತೆಗೆದಾಯ್ತು. ಮೂರನೆಯದನ್ನು ಅಕ್ಕ ಹೇಳಿದ ಹಾಗೆ ಪೂರ್ತಿ ತೆಗೆದೆವು. ಗೋಡೆ ಒಣಗುವವರೆಗೆ ಕಪಾಟು ಹಾಗೇ ಬಿಡ್ತೀವಿ. ಹೊಸ ಹಲಗೆ ಗೋಡೆಗೆ ತಾಗದ ಹಾಗೆ ಒಂದು ಬೆರಳು ಸಂದಿ ಬಿಟ್ಟು ಕೂರಿಸಲು ಇಲ್ಲಿನ ಬಡಗಿಗೆ ಹೇಳಿದ್ದೀನಿ.

ಉಳಿ_ಬಾಚಿ
ಸರಿಯಾಗಿ ಮಾಡಿದಿರಿ. ಸಂದಿ ಒಂದೂವರೆ ಬೆರಳು ಮಾಡಿಸಿ. ಹಲಗೆಯ ಕತ್ತರಿಸಿದ ತುದಿಗಳಿಗೆ ಬೋರಾಕ್ಸ್ ನೀರು ಎರಡು ಸಲ ಜಾಸ್ತಿ ಕುಡಿಸಿ. ಮರ ನೀರು ಕುಡಿಯೋದು ತುದಿಯಿಂದಲೇ.

ಆಗುಂಬೆ_ದಾರಿ
ಆಗಲಿ. ಇನ್ನೊಂದು ಕೇಳಬೇಕಿತ್ತು. ಅಮ್ಮ ಆ ಕಂದು ಪುಡಿಯನ್ನೆಲ್ಲ ಗುಡಿಸಿ ಮಲ್ಲಿಗೆ ಬುಡಕ್ಕೆ ಹಾಕಿದ್ದಾರೆ. ಒಂದು ಬುಟ್ಟಿ ಆಗುವಷ್ಟಿತ್ತು. ಗಿಡಕ್ಕೆ ಫಂಗಸ್ ಹತ್ತಲ್ಲ ತಾನೇ? ಎರಡು ದಿನದಿಂದ ಅದೇ ಯೋಚನೆ ಅವರಿಗೆ.

ಅಣಬೆ_ಜಾಡು
ಹತ್ತಲ್ಲ ಅಂತ ಅಮ್ಮನಿಗೆ ಹೇಳಿ. ಸತ್ತ ಮರ ತಿನ್ನುವ ಈ ಶಿಲೀಂಧ್ರಗಳು ಹಸಿ ಮಲ್ಲಿಗೆ ಗಿಡದ ತಂಟೆಗೆ ಹೋಗುವುದು ತೀರಾ ಅಪರೂಪ. ಮೇಲೆ ಹಚ್ಚಿದ ಬಣ್ಣದ ಚಕ್ಕೆಗಳಿದ್ದರೆ ಮಾತ್ರ ಆರಿಸಿ ತೆಗೆಯಲಿ.

ಆ ಪುಡಿ ಗೊಬ್ಬರದ ಹಾಗೆ ಬಲ ಕೊಡಲ್ಲ. ನೀರು ಹಿಡಿದಿಡುತ್ತೆ, ಮಣ್ಣು ಸಡಿಲ ಇಡುತ್ತೆ. ಜೊತೆಗೆ ಸ್ವಲ್ಪ ಸಗಣಿ ಗೊಬ್ಬರ ಸೇರಿಸಲಿ. ಉತ್ತರದ ತಂಪು ದೇಶಗಳ ಪೈನ್ ಕಾಡುಗಳಲ್ಲಿ ನೆಲದ ಮೇಲ್ಪದರದಲ್ಲಿ ಇಂಥದೇ ಕಂದು ಚೂರು ಬಹಳಷ್ಟು ಇರುತ್ತೆ. ಅದು ನೂರಾರು ವರ್ಷ ಹಾಗೇ ಇರಬಲ್ಲದು. ಮರದ ಸಸಿಗಳು ಅದರಲ್ಲೇ ಬೇರು ಬಿಡುತ್ತವೆ. ನಿಮ್ಮ ಬಿಸಿಲು ಮಳೆಯಲ್ಲಿ ಅಷ್ಟು ಕಾಲ ಉಳಿಯದು, ಆದರೂ ಮಲ್ಲಿಗೆ ಬುಡದಲ್ಲಿ ಕೆಲವು ಮಳೆಗಾಲ ಕಾಣುತ್ತೆ. ಮುಂದಿನ ವರ್ಷ ಮಣ್ಣು ಕೆದಕುವಾಗ ಒಂದು ಚೂರು ತಿಕ್ಕಿ ನೋಡಿ, ಬಣ್ಣ ಹಾಗೇ ಇದೆಯಾ ಅಂತ ಇಲ್ಲಿ ಬರೆಯಿರಿ.

ಆಗುಂಬೆ_ದಾರಿ
ಖಂಡಿತ. ಅಮ್ಮ ಈಗಲೇ ಸಗಣಿ ಬುಟ್ಟಿ ಹಿಡಿದು ಹೊರಟರು.